ಕ್ಯಾಮೆರಾ ಟ್ರ್ಯಾಪಿಗೆ ಯಾವ ಸೆಲ್? ಹರದನಹಳ್ಳಿ–ಗುಂಡ್ಲುಪೇಟೆ ಕಾಡಂಚಿನ ಒಂದು ಟಿಪ್ಪಣಿ

ಚಾಮರಾಜನಗರಕ್ಕೆ ಹತ್ತಿರದ ಹರದನಹಳ್ಳಿಯಲ್ಲಿ ನಿಂತರೆ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು. ಪಶ್ಚಿಮಕ್ಕೆ ಗುಂಡ್ಲುಪೇಟೆ ದಾಟಿದರೆ ಬಂಡೀಪುರ. ಬ್ರಿಟಿಷ್ ಅಧಿಕಾರಿ ಸ್ಯಾಂಡರ್ಸನ್ 1874ರಲ್ಲಿ ಖೆಡ್ಡಾ ಮಾಡಿ ಆನೆ ಹಿಡಿದದ್ದು ಈ ಸೀಮೆಯಲ್ಲೇ. ಬಂಡೀಪುರದ ಕಾಡು ಮೈಸೂರು ಅರಸರ ಬೇಟೆಯ ನೆಲವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಲ್ಲಿ ಬೇಟೆ ಅಪರಾಧ. ಆದರೆ ಅಮೆರಿಕದಂಥ ದೇಶಗಳಲ್ಲಿ ಜಿಂಕೆ ಬೇಟೆಗಾರರು ಕೊಳ್ಳುವ ಎಲೆಕ್ಟ್ರಾನಿಕ್ ಸಾಮಾನುಗಳು, ಅದರಲ್ಲೂ ಪ್ರಾಣಿ ಎದುರು ಹಾದರೆ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ (ಕ್ಯಾಮೆರಾ ಟ್ರ್ಯಾಪ್), ಇಂದು ನಮ್ಮ ಕಾಡುಗಳಲ್ಲಿ ಹುಲಿ ಕಾಯುವ ಕೆಲಸಕ್ಕೆ ಬಳಕೆಯಾಗುತ್ತಿವೆ. ಅವುಗಳ ಜೊತೆ ಬರುವ ಸೂಚನಾ ಪುಸ್ತಕ ಚಳಿ ದೇಶದ, ವಾರಾಂತ್ಯದ ಬೇಟೆಗಾರನನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಆಲ್ಕಲೈನ್ ಅಥವಾ ಬಿಸಾಡುವ ಲಿಥಿಯಂ ಸೆಲ್ ಹಾಕಿ ಎನ್ನುತ್ತದೆ. ಆ ಸಲಹೆ ನಮ್ಮ ಕೆಲಸಕ್ಕೆ ಹೊಂದುವುದಿಲ್ಲ ಎಂಬುದು ಈ ಟಿಪ್ಪಣಿಯ ವಾದ.

ಮೊದಲು ಕೆಲಸದ ಗಾತ್ರ ನೋಡೋಣ. ಒಂದೊಂದು ಹುಲಿಯನ್ನೂ ಗುರುತಿಸುವುದು ಅದರ ಪಟ್ಟೆಯಿಂದ; ಎಡ ಮೈಯ ಪಟ್ಟೆ ಬಲ ಮೈಯ ಹಾಗಿರುವುದಿಲ್ಲ. ಆದ್ದರಿಂದ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಕಟ್ಟಬೇಕು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಬೆಳೆಸಿದ ಈ ಪದ್ಧತಿ ಈಗ ದೇಶವ್ಯಾಪಿ ಹುಲಿ ಗಣತಿಯ ಬೆನ್ನೆಲುಬು. 2018ರ ಗಣತಿಯಲ್ಲಿ ದೇಶದ 26,838 ಕಡೆ ಕ್ಯಾಮೆರಾ ಇಟ್ಟು 3.48 ಕೋಟಿ ಚಿತ್ರ ತೆಗೆಯಲಾಯಿತು. ಗಣತಿಯ ಲೆಕ್ಕ ಎರಡು ಚದರ ಕಿಲೋಮೀಟರಿಗೆ ಒಂದು ಜೋಡಿ. ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶದ ವಿಸ್ತೀರ್ಣ 574.82 ಚದರ ಕಿಲೋಮೀಟರ್. ಇಡೀ ಪ್ರದೇಶಕ್ಕೆ ಒಮ್ಮೆಗೇ ಹರಡುವುದಾದರೆ ಸುಮಾರು 287 ಜೋಡಿ ಬೇಕು. ಕ್ಯಾಮೆರಾಕ್ಕೆ ಎಂಟು ಪೆನ್ಸಿಲ್ ಸೆಲ್ಲಿನಂತೆ 4,592 ಸೆಲ್ಲು. ಆಲ್ಕಲೈನ್ ಆದರೆ ಒಂದೇ ಸುತ್ತಿಗೆ ಇಷ್ಟೂ ಕಸ.

ಈ ಕಸಕ್ಕೆ ಪರಿಹಾರ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಿಕೆಲ್ ಸೆಲ್. ಅದರ ಮೇಲೆ ಸಾಮಾನ್ಯವಾಗಿ ಬರುವ ಆಕ್ಷೇಪ ವೋಲ್ಟೇಜಿನದು. ಆಲ್ಕಲೈನ್ 1.5 ವೋಲ್ಟ್, ನಿಕೆಲ್ ಮೆಟಲ್ ಹೈಡ್ರೈಡ್ 1.2; ಎಂಟು ಸೆಲ್ಲನ್ನು ಒಂದೇ ಸಾಲಿನಲ್ಲಿ ಜೋಡಿಸಿದರೆ 12ರ ಬದಲು 9.6 ಮಾತ್ರ, ಕ್ಯಾಮೆರಾಕ್ಕೆ ಸಾಲದು ಎನ್ನುತ್ತಾರೆ. ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಆಲ್ಕಲೈನ್ ಸೆಲ್ 1.5ರಲ್ಲಿ ಶುರುವಾಗುತ್ತದೆ, ಅಲ್ಲಿ ನಿಲ್ಲುವುದಿಲ್ಲ. ಬಳಸಿದಂತೆಲ್ಲ ಇಳಿಯುತ್ತಾ ಹೋಗಿ ಅರ್ಧ ಆಯುಷ್ಯದ ಹೊತ್ತಿಗೆ 1.2ರ ಆಸುಪಾಸಿಗೆ ಬಂದಿರುತ್ತದೆ. ನಿಕೆಲ್ ಸೆಲ್ ಪೂರ್ತಿ ಚಾರ್ಜಾದಾಗ 1.4ರಲ್ಲಿದ್ದು, ಬೇಗ ಇಳಿದು, ಆಮೇಲೆ ಹೆಚ್ಚುಕಡಿಮೆ ಕೊನೆಯವರೆಗೂ 1.2ರ ಹತ್ತಿರವೇ ನಿಲ್ಲುತ್ತದೆ. ರಾತ್ರಿ ಫ್ಲ್ಯಾಶ್ ಹೊತ್ತುವ ಗಳಿಗೆಯಲ್ಲಿ ಕ್ಯಾಮೆರಾ ಒಮ್ಮೆಗೇ ಒಂದು ಆಂಪಿಯರಿನಷ್ಟು ವಿದ್ಯುತ್ ಎಳೆಯಬಹುದು. ಆಗ ಒಳಗಿನ ತಡೆ ಹೆಚ್ಚಿರುವ ಹಳೆಯ ಆಲ್ಕಲೈನ್ ಕುಸಿಯುತ್ತದೆ, ನಿಕೆಲ್ ತಡೆದುಕೊಳ್ಳುತ್ತದೆ. ಪಟ್ಟೆ ಸ್ಪಷ್ಟವಾಗಿ ಬರಲೆಂದು ಬಿಳಿ ಝೆನಾನ್ ಫ್ಲ್ಯಾಶ್ ಇರುವ ಕ್ಯಾಮೆರಾ ಬಳಸುವಲ್ಲಿ ಇದು ಇನ್ನೂ ಮುಖ್ಯ. ಆದರೆ ಕೆಲವು ಕ್ಯಾಮೆರಾಗಳು ತೀರ ಎತ್ತರದ ವೋಲ್ಟೇಜಿನಲ್ಲೇ ‘ಬ್ಯಾಟರಿ ಮುಗಿಯಿತು’ ಎಂದು ಆರಿಹೋಗುತ್ತವೆ. ಅಂಥವುಗಳಿಗೆ ನಿಕೆಲ್ ನಿಜಕ್ಕೂ ಆಗದು. ಕೊಳ್ಳುವ ಮೊದಲು ಒಂದು ಕ್ಯಾಮೆರಾದಲ್ಲಿ ನಿಕೆಲ್ ಸೆಲ್ ಹಾಕಿ, ಕತ್ತಲೆಯಲ್ಲಿ ಚಿತ್ರ ತೆಗೆಸಿ ನೋಡುವುದೇ ಸರಿಯಾದ ಪರೀಕ್ಷೆ. ಸೆಲ್ಲಿನ ಬಗೆಯನ್ನು ಆಯುವ ಸೌಲಭ್ಯ ಮೆನುವಿನಲ್ಲಿದ್ದರೆ ಬದಲಿಸಲು ಮರೆಯಬಾರದು.

ಎರಡನೆಯ ಮಾತು, ಸೆಲ್ಲಿನ ಮೇಲೆ ಅಚ್ಚಾದ ಎಂಎಎಚ್ (ಮಿಲಿ ಆಂಪಿಯರ್-ಗಂಟೆ) ಸಂಖ್ಯೆಯದು. 2,700 ಎಂದು ಬರೆದ ಸೆಲ್ 2,000ದ್ದಕ್ಕಿಂತ ಮೇಲು ಎಂದು ಯಾರಿಗಾದರೂ ಅನಿಸುತ್ತದೆ. ಒಂದು ಅಂದಾಜು ಲೆಕ್ಕ ಹಾಕೋಣ. ಸುಮ್ಮನೆ ಕಾಯುವಾಗ ಕ್ಯಾಮೆರಾ 0.3 ಮಿಲಿ ಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ ದಿನಕ್ಕೆ 7 ಎಂಎಎಚ್. ರಾತ್ರಿಯ ಒಂದು ಚಿತ್ರಕ್ಕೆ 0.3ರಂತೆ ದಿನಕ್ಕೆ ನೂರು ಚಿತ್ರವಾದರೆ 30. ದಿನದ ಒಟ್ಟು 37. 2,000 ಎಂಎಎಚ್ ಸೆಲ್ಲಿನ ನೂರಕ್ಕೆ 80 ಪಾಲು ಕೈಗೆ ಸಿಕ್ಕರೂ 43 ದಿನ ನಡೆಯಿತು. ಗಣತಿಯ ಒಂದು ಸುತ್ತಿಗೆ ಸಾಕು. ಇತ್ತ ಹೆಚ್ಚು ಸಾಮರ್ಥ್ಯದ ಸಾಮಾನ್ಯ ನಿಕೆಲ್ ಸೆಲ್, ಬಳಸದೆ ಇಟ್ಟರೂ ಮೊದಲ ತಿಂಗಳಲ್ಲೇ ನೂರಕ್ಕೆ 20ರಿಂದ 30ರಷ್ಟನ್ನು ತಾನೇ ಕಳೆದುಕೊಳ್ಳುತ್ತದೆ. ಸೆಕೆ ಏರಿದಷ್ಟೂ ಈ ಸೋರಿಕೆ ಹೆಚ್ಚು. ಗುಂಡ್ಲುಪೇಟೆಯ ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ಮರಕ್ಕೆ ಕಟ್ಟಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಈ ಸೋರಿಕೆ ತಗ್ಗಿಸಿದ ಸೆಲ್ಲನ್ನು ಸ್ಯಾನ್ಯೋ ಕಂಪನಿ 2005ರಲ್ಲಿ ಎನೆಲೂಪ್ ಹೆಸರಿನಲ್ಲಿ ತಂದಿತು; ಈಗ ಬೇರೆ ಕಂಪನಿಗಳದ್ದೂ ಇವೆ. ಚಾರ್ಜ್ ಮಾಡಿ ತಿಂಗಳುಗಟ್ಟಲೆ ಇಟ್ಟರೂ ಬಹುಪಾಲು ಹಾಗೇ ಉಳಿಯುತ್ತದೆ, ಮತ್ತೆ ಮತ್ತೆ ಚಾರ್ಜಾಗುವ ಬಾಳಿಕೆಯೂ ಹೆಚ್ಚು. ನನ್ನ ಆಯ್ಕೆ ಇದೇ.

ಒಳಗೆ ಸರ್ಕ್ಯೂಟ್ ಇಟ್ಟು 1.5 ವೋಲ್ಟ್ ಕೊಡುವ ಲಿಥಿಯಂ ಅಯಾನ್ ಪೆನ್ಸಿಲ್ ಸೆಲ್ಲುಗಳೂ ಈಗ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಕೊನೆಯ ಗಳಿಗೆಯವರೆಗೂ 1.5 ತೋರಿಸಿ ಫಕ್ಕನೆ ನಿಲ್ಲುತ್ತವೆ. ಕ್ಯಾಮೆರಾದ ಸೂಚಕ ‘ಪೂರ್ತಿ ಇದೆ’ ಎನ್ನುತ್ತಿರುವಾಗಲೇ ಎಲ್ಲವೂ ಮುಗಿದಿರುತ್ತದೆ. ಇದು ಯಾಕೆ ಮುಖ್ಯವೆಂದು ತಿಳಿಯಲು ಒಂದು ಘಟನೆ ನೆನೆಯೋಣ. 2019ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ, ಹುಂಡೀಪುರದ ಕಡೆ ಇಬ್ಬರು ರೈತರು ಹುಲಿಗೆ ಬಲಿಯಾದಾಗ, ಆ ಹುಲಿ ಯಾವುದು, ಎತ್ತ ಹೋಯಿತು ಎಂದು ತಿಳಿಯಲು ಕ್ಯಾಮೆರಾಗಳನ್ನು ಕಟ್ಟಲಾಗಿತ್ತು. ಇಲ್ಲಿನ ಕಾಡಿನ ಆದಿವಾಸಿಗಳಾದ ಸೋಲಿಗರ ಜಾಡಿನ ತಿಳಿವಳಿಕೆ, ಸಾಕಾನೆಗಳು, ಕ್ಯಾಮೆರಾಗಳು ಕೂಡಿ ದುಡಿದು ಅಕ್ಟೋಬರ್ 13ರಂದು ಅದನ್ನು ಅರಿವಳಿಕೆ ಕೊಟ್ಟು ಜೀವಂತ ಹಿಡಿದರು. ಅಂಥ ದಿನಗಳಲ್ಲಿ ಒಂದು ರಾತ್ರಿಯ ಚಿತ್ರ ತಪ್ಪಿದರೂ ಊರಿನವರ ಜೀವಕ್ಕೆ ಕುತ್ತು. ಮುನ್ಸೂಚನೆ ಕೊಡದ ಸೆಲ್ಲನ್ನು ಅಲ್ಲಿ ನಾನು ಒಪ್ಪಲಾರೆ.

ತಲೆದೀಪಗಳ ಮಾತು ಬೇರೆ. ಬೆಳೆ ಕಾಯುವ ರೈತರೂ ಗಸ್ತಿನವರೂ ಬಳಸುವ ದೀಪಗಳಿಗೆ 18650 ಅಳತೆಯ ಲಿಥಿಯಂ ಸೆಲ್ಲೇ ಸರಿ. 9,900 ಎಂಎಎಚ್ ಎಂದು ಬರೆದದ್ದನ್ನು ಮಾತ್ರ ಕೊಳ್ಳಬೇಡಿ. ಆ ಗಾತ್ರದ ಒಳ್ಳೆಯ ಸೆಲ್ಲಿನಲ್ಲಿ ಹಿಡಿಸುವುದು ಸುಮಾರು 3,500.

ಚಾರ್ಜಿಂಗ್ ಕೂಡ ಆಯ್ಕೆಯದೇ ಭಾಗ. ಕಳ್ಳಬೇಟೆ ತಡೆ ಶಿಬಿರಕ್ಕೆ ಇಪ್ಪತ್ತು ಕ್ಯಾಮೆರಾ ಬಂದರೆ ಸೆಲ್ 160. ನಾಲ್ಕು ಸೆಲ್ಲಿನ ಚಾರ್ಜರ್ ಒಂದೇ ಇದ್ದರೆ 40 ಸುತ್ತು; ಸೌರಫಲಕದಿಂದ ಬೇಕಾದ ವಿದ್ಯುತ್ತು, ನಷ್ಟವೂ ಸೇರಿ, ಅರ್ಧ ಯೂನಿಟ್ಟಿನ ಆಚೀಚೆ ಅಷ್ಟೇ. ತೊಡಕು ವಿದ್ಯುತ್ತಿನದಲ್ಲ, ಚಾರ್ಜರಿನದು. ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ನೋಡಿಕೊಳ್ಳುವ, ತುಂಬಿದ ಕೂಡಲೇ ನಿಲ್ಲುವ ಚಾರ್ಜರುಗಳು ಹಲವು ಬೇಕು, ಕ್ಯಾಮೆರಾಕ್ಕೆ ಎರಡು ಜೊತೆ ಸೆಲ್ ಬೇಕು. ಎಂಟು ಸೆಲ್ಲಿನ ಒಂದೊಂದು ಜೊತೆಗೂ ಒಂದೇ ಗುರುತು ಬರೆದು, ಕೊನೆಯವರೆಗೂ ಆ ಎಂಟನ್ನು ಒಡೆಯಬಾರದು. ಒಂದು ಬಡಕಲು ಸೆಲ್ ನಡುವೆ ಸೇರಿದರೆ ಉಳಿದ ಏಳೂ ಸೇರಿ ಅದನ್ನು ತಿರುಗುಮುರುಗಾಗಿ ಚಾರ್ಜ್ ಮಾಡಿ ಕೊಲ್ಲುತ್ತವೆ.

ಕೊನೆಗೆ, ಸವೆದ ಮೇಲಿನ ಮಾತು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಸವೆದ ಸೆಲ್ಲುಗಳನ್ನು ಸಂಗ್ರಹಿಸುವ ಹೊಣೆ ಉತ್ಪಾದಕರದು. ಸಾವಿರಗಟ್ಟಲೆ ಕೊಳ್ಳುವ ಅರಣ್ಯ ವಿಭಾಗಗಳೂ ಸಂಶೋಧನಾ ತಂಡಗಳೂ ಪೂರೈಕೆದಾರರು ಹಳೆಯದನ್ನು ಎಣಿಸಿ ಹಿಂದಕ್ಕೆ ಒಯ್ಯಬೇಕೆಂಬ ಷರತ್ತನ್ನು ಖರೀದಿಯ ಟೆಂಡರಿನಲ್ಲೇ ಬರೆಯಿಸಬೇಕೆಂದು ಕೋರುತ್ತೇನೆ.