ಕಾರಿನ ರೇಡಿಯೋ ಮತ್ತು ಜಾಹೀರಾತಿನ ಸಾಕ್ಷ್ಯ

ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಅವುಗಳ ಪದ್ಧತಿ ಗೊತ್ತಿರುತ್ತದೆ. ಮೊದಲು ಅರಸನ ಪ್ರಶಸ್ತಿ, ಆಮೇಲೆ ದತ್ತಿಯ ವಿವರ. ಚಾಲುಕ್ಯ ದೊರೆ ತನ್ನನ್ನು ‘ಸಮಸ್ತಭುವನಾಶ್ರಯ’ನೆಂದು ಕರೆದುಕೊಂಡ ಮಾತ್ರಕ್ಕೆ ಭುವನವೆಲ್ಲವೂ ಅವನ ಆಶ್ರಯದಲ್ಲಿತ್ತೆಂದು ಯಾರೂ ನಂಬುವುದಿಲ್ಲ. ಆದರೆ ಕೊಟ್ಟ ಭೂಮಿಯೆಷ್ಟು, ಅದರ ಎಲ್ಲೆಗಳಾವುವು ಎಂಬ ಮಾತು ಬಂದೊಡನೆ ಇತಿಹಾಸಕಾರನು ಕಿವಿ ನಿಮಿರಿಸುತ್ತಾನೆ. ಹಳೆಯ ಪತ್ರಿಕೆಗಳಲ್ಲಿ ಅಚ್ಚಾದ ಜಾಹೀರಾತುಗಳೂ ಇಂಥವೇ. ಅವುಗಳಲ್ಲಿಯೂ ಪ್ರಶಸ್ತಿಯುಂಟು, ದತ್ತಿಯ ವಿವರವೂ ಉಂಟು. ಅಮೆರಿಕ ಮತ್ತು ಜರ್ಮನಿಗಳಲ್ಲಿ ಮೋಟಾರು ಕಾರಿನೊಳಗೆ ಸಂಗೀತವನ್ನು ತಂದ ಯಂತ್ರಗಳ ಕಥೆಯನ್ನು ಈ ದೃಷ್ಟಿಯಿಂದ ನೋಡೋಣ.

ಮನೆಯ ರೇಡಿಯೋವನ್ನು ಕಾರಿಗೆ ಒಯ್ಯುವುದು ಸುಲಭವಾಗಿರಲಿಲ್ಲ. ಅಂದಿನ ರೇಡಿಯೋದ ವಾಲ್ವುಗಳಿಗೆ ಬಹಳ ಹೆಚ್ಚಿನ ವೋಲ್ಟು ಬೇಕು. ಕಾರಿನ ಬ್ಯಾಟರಿ ಕೊಡುತ್ತಿದ್ದುದು 6 ವೋಲ್ಟು ಮಾತ್ರ. ಆದುದರಿಂದ ರೇಡಿಯೋಕ್ಕೆಂದೇ ಬೇರೆ ಬ್ಯಾಟರಿಗಳನ್ನು ಹೊರಬೇಕಾಗಿತ್ತು. ಅವನ್ನಿಡಲು ಕಾರಿನ ನೆಲಹಲಗೆಯನ್ನು ಕೊರೆಯಬೇಕು, ಏರಿಯಲ್ ತಂತಿಗಾಗಿ ಮೇಲ್ಛಾವಣಿಯನ್ನು ಬಿಚ್ಚಬೇಕು. ಇದರ ಮೇಲೆ ಎಂಜಿನ್ನಿನ ಕಿಡಿಯಿಂದ ಹುಟ್ಟುವ ಗರಗರ ಸದ್ದು ಬೇರೆ.

ಷಿಕಾಗೋ ನಗರದ ಪಾಲ್ ಗಾಲ್ವಿನ್ ಎಂಬವರು 1930ರಲ್ಲಿ ತಮ್ಮ ಕಾರಿಗೆ ರೇಡಿಯೋ ಅಳವಡಿಸಿಕೊಂಡು, ರೇಡಿಯೋ ತಯಾರಕರ ಸಮ್ಮೇಳನ ನಡೆಯುತ್ತಿದ್ದ ಅಟ್ಲಾಂಟಿಕ್ ಸಿಟಿಗೆ ಹೋದರು. ಕಾರನ್ನು ಹೊರಗೆ ನಿಲ್ಲಿಸಿ, ಹಾದುಹೋಗುವವರಿಗೆ ಕೇಳುವಂತೆ ಅದನ್ನು ಹಾಡಿಸಿದರು. ಅವರ ಸರಕಿಗೆ ‘ಮೋಟರೋಲಾ’ ಎಂದು ಹೆಸರು. ಆ ಕಾಲದ ‘ವಿಕ್ಟ್ರೋಲಾ’ ಎಂಬ ಗ್ರಾಮಾಫೋನಿನ ಹೆಸರು ಜನರ ನಾಲಗೆಯ ಮೇಲಿತ್ತು. ಅದರ ಬಾಲವನ್ನು ಮೋಟಾರಿಗೆ ಅಂಟಿಸಿದಂತೆ ಈ ಹೊಸ ಪದ ಹುಟ್ಟಿತು. 1947ರಲ್ಲಿ ಕಂಪನಿಯೇ ಆ ಹೆಸರನ್ನು ತಾಳಿತು. ವ್ಯಾಕರಣದವರು ಇಂಥ ಸಮಾಸಕ್ಕೆ ಏನೆನ್ನುವರೋ, ವ್ಯಾಪಾರಕ್ಕಂತೂ ಅದು ಒದಗಿತು.

ಇಲ್ಲಿ ಬೆಲೆಯನ್ನು ಗಮನಿಸಬೇಕು. ಆ ರೇಡಿಯೋಕ್ಕೆ 110ರಿಂದ 130 ಡಾಲರು. ಅಗ್ಗದ ಫೋರ್ಡ್ ಕಾರೇ ಆಗ 500 ಡಾಲರಿನ ಆಸುಪಾಸಿನಲ್ಲಿ ದೊರೆಯುತ್ತಿತ್ತು. 1932ರಲ್ಲಿ ಜರ್ಮನಿಯ ಬ್ಲೌಪುಂಕ್ಟ್ ಕಂಪನಿ ಹೊರತಂದ ಕಾರಿನ ರೇಡಿಯೋ ಸುಮಾರು 15 ಕಿಲೋಗ್ರಾಂ ತೂಗುತ್ತಿತ್ತು. ಬೆಲೆ ಸಣ್ಣ ಕಾರಿನ ಬೆಲೆಯ ಮೂರನೆಯ ಒಂದು ಪಾಲು. ಎತ್ತಿಗಿಂತ ಗೆಜ್ಜೆಗೇ ಬೆಲೆ ಎನ್ನುವಷ್ಟಲ್ಲದಿದ್ದರೂ ಗೆಜ್ಜೆ ದುಬಾರಿಯದೇ. ಚಿತ್ರದಲ್ಲಿ ನಗುಮುಖದ ಸಂಸಾರವನ್ನು ಕೂರಿಸಿದ ಜಾಹೀರಾತು ಈ ಭಾರವನ್ನು ತೋರಿಸುವುದಿಲ್ಲ. ಕೆಳಗೆ ಅಚ್ಚಾದ ಬೆಲೆ ಮಾತ್ರ ನಿಜ ಹೇಳಿಬಿಡುತ್ತದೆ.

ಎರಡನೆಯ ಸೂತ್ರವೊಂದುಂಟು. ಜಾಹೀರಾತು ಯಾವುದನ್ನು ‘ಇಲ್ಲ, ಇಲ್ಲ’ ಎಂದು ಒತ್ತಿ ಹೇಳುತ್ತದೆಯೋ ಅದೇ ಕೊಳ್ಳುವವನ ಅಂಜಿಕೆ. 1956ರ ಮಾದರಿಯ ಕಾರುಗಳಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ‘ಹೈವೇ ಹೈಫೈ’ ಎಂಬ ಗ್ರಾಮಾಫೋನನ್ನೇ ಇರಿಸಿತು! ಅದನ್ನು ರೂಪಿಸಿದವರು ಪೀಟರ್ ಗೋಲ್ಡ್‌ಮಾರ್ಕ್. 7 ಅಂಗುಲದ ತಟ್ಟೆ ನಿಮಿಷಕ್ಕೆ ಹದಿನಾರೂ ಮೂರನೆಯ ಎರಡು ಸುತ್ತಿನಂತೆ ಮೆಲ್ಲಗೆ ತಿರುಗುತ್ತ, ಒಂದು ಮೈಯಲ್ಲಿ 45 ನಿಮಿಷ ಹಾಡುತ್ತಿತ್ತು. ಹಳ್ಳದಿಣ್ಣೆಗಳ ಮೇಲೂ ಮುಳ್ಳು ಜಾರುವುದಿಲ್ಲವೆಂಬುದೇ ಅದರ ಪ್ರಚಾರದ ಮುಖ್ಯ ಮಾತು. ಜನರ ಮನಸ್ಸಿನಲ್ಲಿದ್ದ ಮೊದಲ ಸಂದೇಹವೂ ಅದೇ ಅಲ್ಲವೆ? ಆದರೆ ಪ್ರಚಾರ ಮೆಲ್ಲಗೆ ದಾಟಿಸಿದ ಮಾತು ಬೇರೊಂದಿತ್ತು. ಮನೆಯಲ್ಲಿದ್ದ ತಟ್ಟೆಗಳು ಆ ಯಂತ್ರಕ್ಕೆ ಒಗ್ಗುತ್ತಿರಲಿಲ್ಲ. ಕೊಲಂಬಿಯ ಕಂಪನಿ ಅದಕ್ಕೆಂದೇ ಹೊರಡಿಸಿದ ಕೆಲವೇ ತಟ್ಟೆಗಳನ್ನು ಕೇಳಬೇಕಾಗಿತ್ತು. ಕೆಲವೇ ವರ್ಷಗಳಲ್ಲಿ ಯಂತ್ರ ಮೂಲೆ ಸೇರಿತು.

ಅದೇ ಕ್ರೈಸ್ಲರ್ ಕಂಪನಿಗಾಗಿ ಫಿಲ್ಕೋ ಕಂಪನಿ 1955ರಲ್ಲಿ ವಾಲ್ವೇ ಇಲ್ಲದ, ಟ್ರಾನ್ಸಿಸ್ಟರುಗಳಿಂದಲೇ ನಡೆಯುವ ರೇಡಿಯೋವನ್ನು ತಯಾರಿಸಿತು. ಬೆಲೆ 150 ಡಾಲರು. ವಾಲ್ವು ಕಾಯುವವರೆಗೆ ಕಾದಿರಬೇಕಾದ ಗೋಳು ತಪ್ಪಿತು. ಬ್ಯಾಟರಿಯ ಮೇಲಿನ ಹೊರೆ ಇಳಿಯಿತು. ಗದ್ದಲವಿಲ್ಲದೆ ಬಂದ ಈ ಬದಲಾವಣೆಯೇ ಕೊನೆಗೆ ನಿಂತಿತು.

ಮುಂದೆ ಟೇಪಿನ ಯುಗ. 1966ರ ಮಾದರಿಯ ಫೋರ್ಡ್ ಕಾರುಗಳಲ್ಲಿ ‘ಎಯ್ಟ್ ಟ್ರ್ಯಾಕ್’ ಸ್ಟೀರಿಯೋ ಬಂದಿತು. ಅದರಲ್ಲಿ ತುದಿಮೊದಲಿಲ್ಲದ ಟೇಪಿನ ಸುರುಳಿ; ಪೆಟ್ಟಿಗೆಯನ್ನು ಒಂದೇ ಕೈಯಿಂದ ತಳ್ಳಿದರೆ ಹಾಡು. ಈ ಸುಲಭತೆಯೇ ಅದರ ಪ್ರಶಸ್ತಿ. ಹಾಡಿನ ನಡುವೆಯೇ ಕಟಕ್ಕೆಂದು ಪಟ್ಟಿ ಬದಲಾಗುವುದು, ಹಿಂದಕ್ಕೆ ಸುತ್ತಲು ಬಾರದಿರುವುದು ಪ್ರಶಸ್ತಿಯಲ್ಲಿ ಸೇರಲಿಲ್ಲ. ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ತೋರಿಸಿದ ಪುಟ್ಟ ಕ್ಯಾಸೆಟ್ಟು ಕೊನೆಗೆ ಅದನ್ನು ಬದಿಗೊತ್ತಿತು.

ಇಷ್ಟೆಲ್ಲದರ ನಡುವೆ ಒಂದು ಗಂಭೀರ ಪ್ರಶ್ನೆ ಉಳಿದೇ ಬಂದಿದೆ. 1930ರಲ್ಲಿಯೇ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿಯೂ ಸೇಂಟ್ ಲೂಯಿಸ್ ನಗರದಲ್ಲಿಯೂ ಕಾರು ನಡೆಸುವಾಗ ರೇಡಿಯೋ ಕೂಡದೆಂಬ ಕಾನೂನಿನ ಸೂಚನೆ ಬಂದಿತ್ತು. ಸಂಗೀತಕ್ಕೆ ಮನಸೋತ ಚಾಲಕ ದಾರಿಯನ್ನು ಮರೆತಾನೆಂಬ ಭಯ. ತಯಾರಕರು ಹೇಳಿದ ಉತ್ತರ: ರೇಡಿಯೋ ತೂಕಡಿಸುವವನನ್ನು ಎಚ್ಚರವಾಗಿಡುತ್ತದೆ, ಹವೆಯ ಸುದ್ದಿ ತಿಳಿಸುತ್ತದೆ. ಎರಡರಲ್ಲಿಯೂ ಸತ್ಯವುಂಟು. 1930ರ ದಶಕದ ಕೊನೆಗೆ ಒತ್ತುಗುಂಡಿಯ ರೇಡಿಯೋಗಳು ಬಂದವು. ಕಣ್ಣು ರಸ್ತೆಯಲ್ಲಿಯೇ ಇದ್ದರೂ ಬೆರಳು ಗುಂಡಿಯನ್ನು ತಡವಿ ಹುಡುಕಿಕೊಳ್ಳಬಲ್ಲುದು. ಇಂದಿನ ಕಾರುಗಳಲ್ಲಿ ಗುಂಡಿಗಳ ಸ್ಥಾನಕ್ಕೆ ನುಣುಪಾದ ಗಾಜಿನ ಪರದೆ ಬರುತ್ತಿದೆ. ಅದರಲ್ಲಿ ತಡವಿ ತಿಳಿಯುವುದು ಏನೂ ಇಲ್ಲ, ನೋಡಿಯೇ ಮುಟ್ಟಬೇಕು. ನೋಡುವ ಆ ಒಂದು ಗಳಿಗೆ ರಸ್ತೆಗೆ ಸಲ್ಲಬೇಕಾದ ಗಳಿಗೆ. ಪರದೆಯ ಅಂದವನ್ನು ಹೊಗಳುವ ಜಾಹೀರಾತಿನಲ್ಲಿ ಆ ಗಳಿಗೆಯ ಲೆಕ್ಕ ಎಲ್ಲಿದೆಯೆಂದು ಕೊಳ್ಳುವವನು ಹುಡುಕಬೇಕು.

ಇಂಥ ವಿವೇಕವನ್ನು ಕಲಿಸುವ ಕಾಗದಗಳು ಉಳಿದಿರುವುದು ಕಡಿಮೆ. ಅನೇಕ ಗ್ರಂಥಾಲಯಗಳು ಪತ್ರಿಕೆಗಳನ್ನು ಸಂಪುಟವಾಗಿ ಕಟ್ಟಿಸುವಾಗ ಜಾಹೀರಾತಿನ ಹಾಳೆಗಳನ್ನು ಕಿತ್ತುಹಾಕಿದವು. ಲೇಖನವೇ ವಿದ್ಯೆ, ಜಾಹೀರಾತು ಹೊಟ್ಟು ಎಂಬ ಎಣಿಕೆ. ಯಾವ ಯಂತ್ರಕ್ಕೆ ಯಾವ ವರ್ಷ ಎಷ್ಟು ಬೆಲೆಯಿತ್ತು, ಜನ ಯಾವುದಕ್ಕೆ ಆಸೆಪಟ್ಟರು, ಯಾವುದಕ್ಕೆ ಅಂಜಿದರು ಎಂಬುದು ಆ ಹೊಟ್ಟಿನಲ್ಲಿಯೇ ಇತ್ತು. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಇದ್ದರೆ ರದ್ದಿಯವನಿಗೆ ತೂಕಕ್ಕೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಕಥೆ ಕವಿತೆಗಳನ್ನು ಇನ್ನಾರಾದರೂ ಮರಳಿ ಅಚ್ಚುಹಾಕಿಯಾರು. ರೇಡಿಯೋದ ಬೆಲೆ ಬರೆದ ಆ ಮೂಲೆಯ ಹಾಳೆಯನ್ನು ಯಾರೂ ಮರಳಿ ಅಚ್ಚುಹಾಕುವುದಿಲ್ಲ.