ಲಂಡನ್ನಿನಲ್ಲಿ ಓದಲೊಂದು ಎಡೆ

ಮಹಾನಗರದಲ್ಲಿ ಬಾಳುವ ವಿದ್ಯಾರ್ಥಿಗೆ ಪುಸ್ತಕ ದೊರೆಯುವುದು ಇಂದು ಕಷ್ಟವಲ್ಲ. ಅದನ್ನು ತೆರೆದಿಟ್ಟುಕೊಂಡು ಎರಡು ಗಂಟೆ ನಿಶ್ಚಿಂತೆಯಿಂದ ಕೂರುವ ಜಾಗ ದೊರೆಯುವುದು ಕಷ್ಟ. ಮೇ, ಜೂನ್ ತಿಂಗಳ ಪರೀಕ್ಷೆಗಳು ಹತ್ತಿರವಾದಂತೆ ಲಂಡನ್ನಿನ ನಮ್ಮ ಎಷ್ಟೋ ಮನೆಗಳಲ್ಲಿ ಇದೇ ಮಾತು. ಅಡುಗೆ, ಟಿ.ವಿ., ಊರಿನ ಫೋನ್ ಕರೆ, ಚಿಕ್ಕ ಮಕ್ಕಳ ಆಟ ಎಲ್ಲವೂ ನಡೆಯುವ ಪುಟ್ಟ ಮನೆಯಲ್ಲಿ ಓದುವ ಹುಡುಗನಿಗಾಗಲಿ ಹುಡುಗಿಗಾಗಲಿ ಮೂಲೆಯೊಂದು ಉಳಿಯುವುದಿಲ್ಲ. ಈ ಕೊರತೆ ಹೊಸದಲ್ಲ. ಅದನ್ನು ನೀಗಿಸಲು ಈ ನಗರವು ಎರಡೂವರೆ ಶತಮಾನಕ್ಕೂ ಮಿಕ್ಕಿ ಪಟ್ಟ ಶ್ರಮವನ್ನು ಅರಿತರೆ, ಇಂದು ನಾವು ಪುಕ್ಕಟೆಯಾಗಿ ಕೂರುವ ಕುರ್ಚಿಯ ಬೆಲೆ ತಿಳಿಯುತ್ತದೆ.

1753ರಲ್ಲಿ ಪಾರ್ಲಿಮೆಂಟಿನ ಶಾಸನದಿಂದ ಸ್ಥಾಪಿತವಾದ ಬ್ರಿಟಿಷ್ ಮ್ಯೂಸಿಯಂ 1759ರಲ್ಲಿ ಬಾಗಿಲು ತೆರೆಯಿತು. ಓದುವವರಿಗೆಂದು ಅಲ್ಲಿ ಮೊದಲು ಇದ್ದುದು ಒಂದು ಚಿಕ್ಕ ಕೋಣೆ ಮಾತ್ರ. ಓದುಗರ ಸಂಖ್ಯೆ ಏರಿದಂತೆ ಇಕ್ಕಟ್ಟೂ ಏರಿತು. ಈ ಸ್ಥಿತಿಯನ್ನು ಬದಲಿಸಿದವನು ಆಂಟೋನಿಯೊ ಪಾನಿಟ್ಸಿ ಎಂಬ ಇಟಲಿಯವನು. ರಾಜಕೀಯ ಕಾರಣಗಳಿಂದ ತಾಯ್ನಾಡನ್ನು ತೊರೆದು 1823ರಲ್ಲಿ ಇಂಗ್ಲೆಂಡಿಗೆ ಬಂದ ಈ ನಿರಾಶ್ರಿತ, 1831ರಲ್ಲಿ ಮ್ಯೂಸಿಯಮ್ಮಿನ ಸೇವೆಗೆ ಸೇರಿ, 1856ರಲ್ಲಿ ಅದರ ಮುಖ್ಯಾಧಿಕಾರಿಯಾದ. ಜ್ಞಾನವನ್ನರಸುವ ವಿಷಯದಲ್ಲಿ ದೇಶದ ಮಹಾಶ್ರೀಮಂತನಿಗೆ ಇರುವ ಅನುಕೂಲಗಳೆಲ್ಲ ಬಡ ವಿದ್ಯಾರ್ಥಿಗೂ ಇರಬೇಕು, ಅದನ್ನು ಒದಗಿಸುವುದು ಸರ್ಕಾರದ ಹೊಣೆ ಎಂದು ಅವನು 1836ರಲ್ಲಿಯೇ ಪಾರ್ಲಿಮೆಂಟಿನ ಸಮಿತಿಯೊಂದರ ಮುಂದೆ ವಾದಿಸಿದ್ದ.

ಆ ವಾದವು ಕಟ್ಟಡದ ರೂಪ ತಳೆದದ್ದು 1857ರ ಮೇ ತಿಂಗಳಲ್ಲಿ. ಪಾನಿಟ್ಸಿಯ ಕಲ್ಪನೆಯಂತೆ, ಸಿಡ್ನಿ ಸ್ಮರ್ಕ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಲ್ಲಿ, ಮ್ಯೂಸಿಯಮ್ಮಿನ ಅಂಗಳದ ನಡುವೆ ವೃತ್ತಾಕಾರದ ವಾಚನಾಲಯ ಎದ್ದು ನಿಂತಿತು. ಅದರ ಗುಮ್ಮಟದ ವ್ಯಾಸ 140 ಅಡಿ. ಪ್ರತಿಯೊಬ್ಬ ಓದುಗನಿಗೂ ಪ್ರತ್ಯೇಕ ಮೇಜಿನ ಎಡೆಯಿತ್ತು. ಚಳಿಗೆ ಕಾಲನ್ನು ಬೆಚ್ಚಗಿಡಲು ಮೇಜಿನಡಿ ಬಿಸಿನೀರಿನ ಕೊಳವೆಯಿತ್ತು. ಬೆಂಕಿಯ ಭಯದಿಂದ ದೀಪ ಹಚ್ಚುವಂತಿರಲಿಲ್ಲ. ಆದ್ದರಿಂದ ಚಳಿಗಾಲದ ಮಬ್ಬು ಕವಿದರೆ ಓದು ನಿಲ್ಲುತ್ತಿತ್ತು. 1879ರಲ್ಲಿ ವಿದ್ಯುದ್ದೀಪ ಬಂದ ಮೇಲೆ ಸಂಜೆಯ ಓದು ಸಾಧ್ಯವಾಯಿತು. ಕಾರ್ಲ್ ಮಾರ್ಕ್ಸ್ ತನ್ನ ಮಹಾಗ್ರಂಥಕ್ಕಾಗಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದು ಈ ಮ್ಯೂಸಿಯಮ್ಮಿನಲ್ಲಿಯೇ. ಆದರೆ ಒಳಗೆ ಹೋಗಲು ಟಿಕೆಟ್ ಬೇಕಿತ್ತು, ಟಿಕೆಟ್ ಪಡೆಯಲು ಗಣ್ಯರ ಶಿಫಾರಸು ಬೇಕಿತ್ತು. ದಿನವಿಡೀ ದುಡಿಯುವ ಕೂಲಿಕಾರನಿಗಾಗಲಿ ಶಾಲೆಯ ಬಾಲಕನಿಗಾಗಲಿ ಆ ಗುಮ್ಮಟದ ಕೆಳಗೆ ಸ್ಥಳವಿರಲಿಲ್ಲ.

ಅಂಥವರಿಗಾಗಿ ಬಂದದ್ದು 1850ರ ಸಾರ್ವಜನಿಕ ಗ್ರಂಥಾಲಯ ಶಾಸನ. ತೆರಿಗೆಗೊಳಪಡುವ ಆಸ್ತಿಮೌಲ್ಯದ ಪ್ರತಿ ಪೌಂಡಿಗೆ ಅರ್ಧ ಪೆನ್ನಿಯಂತೆ ಕರ ಎತ್ತಿ ಗ್ರಂಥಾಲಯ ನಡೆಸಲು ಅದು ಪಟ್ಟಣಗಳಿಗೆ ಅನುಮತಿಯಿತ್ತಿತು. ಆ ಹಣದಲ್ಲಿ ಪುಸ್ತಕ ಕೊಳ್ಳುವಂತಿರಲಿಲ್ಲವೆಂಬುದು ಇಂದು ವಿಚಿತ್ರವೆನಿಸುತ್ತದೆ. 1855ರಲ್ಲಿ ಕರವನ್ನು ಒಂದು ಪೆನ್ನಿಗೆ ಏರಿಸಿ ಪುಸ್ತಕಕ್ಕೂ ಅವಕಾಶ ಕಲ್ಪಿಸಲಾಯಿತು. ಆದರೂ ತೆರಿಗೆದಾರರ ಒಪ್ಪಿಗೆ ಬೇಕಿದ್ದುದರಿಂದ ಲಂಡನ್ನಿನ ಹಲವು ಭಾಗಗಳು ದಶಕಗಳ ಕಾಲ ಹಿಂದೇಟು ಹಾಕಿದವು. ಕೊನೆಗೆ ದಾನಿಗಳೂ ಕೈಜೋಡಿಸಬೇಕಾಯಿತು. ಬಡಗಿಯ ಮಗನಾಗಿ ಹುಟ್ಟಿ ಪತ್ರಿಕೋದ್ಯಮಿಯಾಗಿ ಬೆಳೆದ ಜಾನ್ ಪಾಸ್‌ಮೋರ್ ಎಡ್ವರ್ಡ್ಸ್ ಅವರಲ್ಲಿ ಪ್ರಮುಖ.

ಅವನ ನೆರವಿನಿಂದ 1892ರಲ್ಲಿ ತೆರೆದ ವೈಟ್‌ಚಾಪೆಲ್ ಗ್ರಂಥಾಲಯದ ಕಥೆ ವಲಸಿಗರಾದ ನಮಗೆ ಹತ್ತಿರದ್ದು. ಪೂರ್ವ ಯೂರೋಪಿನಿಂದ ಬಂದ ಯಹೂದಿ ಕುಟುಂಬಗಳು ಆ ಕೇರಿಯಲ್ಲಿ ಒಂದೆರಡು ಕೋಣೆಗಳಲ್ಲಿ ಕಿಕ್ಕಿರಿದು ಬಾಳುತ್ತಿದ್ದವು. ಅವರ ಮಕ್ಕಳಿಗೆ ಬೆಳಕು, ಬೆಚ್ಚನೆಯ ಗಾಳಿ, ಮೌನ ಮೂರೂ ಒಟ್ಟಿಗೆ ದೊರೆತದ್ದು ಈ ವಾಚನಾಲಯದಲ್ಲಿ. ಕವಿ ಐಸಾಕ್ ರೋಸೆನ್‌ಬರ್ಗ್, ವಿಜ್ಞಾನ ಲೇಖಕ ಜೇಕಬ್ ಬ್ರೊನೊವ್‌ಸ್ಕಿ ಅಲ್ಲಿ ಓದಿ ಬೆಳೆದವರು. ಜನ ಅದನ್ನು ಆ ಕೇರಿಯ ವಿಶ್ವವಿದ್ಯಾಲಯವೆಂದೇ ಕರೆದರು.

ಈ ಚರಿತ್ರೆಯಲ್ಲಿ ಭಾರತೀಯರ ಪಾಲೂ ಇದೆ. ಗಣಿತದ ಅಧ್ಯಾಪಕರಾಗಿದ್ದು ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ 1924ರಲ್ಲಿ ಲಂಡನ್ನಿಗೆ ತರಬೇತಿಗೆ ಬಂದರು. ಇಲ್ಲಿನ ಗ್ರಂಥಾಲಯಗಳಲ್ಲಿ ಮಕ್ಕಳೂ ಕಾರ್ಮಿಕರೂ ಕೂತು ಓದುವುದನ್ನು ಕಂಡದ್ದು ಅವರ ಬಾಳಿನ ದಿಕ್ಕನ್ನು ನಿರ್ಧರಿಸಿತು. ಪುಸ್ತಕಗಳು ಕಾಪಿಡಲಿಕ್ಕಲ್ಲ, ಬಳಸಲಿಕ್ಕೆ ಎಂಬ ತತ್ತ್ವದಿಂದ ಮೊದಲಾಗುವ ಅವರ ಐದು ಸೂತ್ರಗಳು 1931ರಲ್ಲಿ ಪ್ರಕಟವಾದವು. ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಹಾಗೂ ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಇತ್ತ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಪ್ರದೇಶಕ್ಕೆ 1934ರಲ್ಲಿ ಕೌನ್ಸಿಲರ್ ಆಗಿ ಆಯ್ಕೆಯಾದ ವಿ. ಕೆ. ಕೃಷ್ಣ ಮೆನನ್, ಅಲ್ಲಿನ ಗ್ರಂಥಾಲಯ ಸಮಿತಿಯ ಅಧ್ಯಕ್ಷರಾಗಿ ದುಡಿದರು.

ಅದೇ ಸೇಂಟ್ ಪ್ಯಾಂಕ್ರಸ್‌ನಲ್ಲಿ ಇಂದು ಬ್ರಿಟಿಷ್ ಲೈಬ್ರರಿ ಇದೆ. ಮ್ಯೂಸಿಯಮ್ಮಿನ ಗುಮ್ಮಟದಡಿಯ ವಾಚನಾಲಯ 1997ರಲ್ಲಿ ಮುಚ್ಚಿ ಓದುಗರು ಇಲ್ಲಿಗೆ ಬಂದರು, ಪುಸ್ತಕಗಳೂ ಬಂದವು. ಮ್ಯೂಸಿಯಮ್ಮಿನಲ್ಲಿದ್ದ ಕನ್ನಡ, ಬಡಗ ಹಾಗೂ ಕೊಡವ ಪುಸ್ತಕಗಳ ಪಟ್ಟಿಯನ್ನು ಎಲ್. ಡಿ. ಬಾರ್ನೆಟ್ ಎಂಬ ವಿದ್ವಾಂಸ 1910ರಲ್ಲಿಯೇ ಸಿದ್ಧಪಡಿಸಿ ಪ್ರಕಟಿಸಿದ್ದ. ಅಂದಿನ ಗಣ್ಯರ ಶಿಫಾರಸು ಈಗ ಬೇಕಿಲ್ಲ. ಗುರುತಿನ ದಾಖಲೆ, ವಿಳಾಸದ ದಾಖಲೆ ತೋರಿಸಿದರೆ ಓದುಗರ ಪಾಸು ಉಚಿತ. ಹೊರಗಿನ ಸಾರ್ವಜನಿಕ ಮೇಜುಗಳಿಗೆ ಪಾಸೂ ಬೇಡ.

ಆದರೆ ಬೀದಿಬದಿಯ ಗ್ರಂಥಾಲಯಗಳ ಸ್ಥಿತಿ ಬೇರೆ. ಸಮರ್ಪಕವಾದ ಗ್ರಂಥಾಲಯ ಸೇವೆ ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯವೆಂದು 1964ರ ಶಾಸನ ವಿಧಿಸಿದೆ. ಹಾಗಿದ್ದರೂ ಅನುದಾನ ಕುಗ್ಗಿದಾಗ ಮೊದಲು ಕತ್ತರಿ ಬೀಳುವುದು ಅವುಗಳ ವೇಳಾಪಟ್ಟಿಗೆ, ಆಮೇಲೆ ಬಾಗಿಲಿಗೆ. ಮನೆಯಲ್ಲಿ ಪ್ರತ್ಯೇಕ ಕೋಣೆಯುಳ್ಳವನಿಗೆ ಇದರಿಂದ ನಷ್ಟವಿಲ್ಲ. ನಷ್ಟವೆಲ್ಲ ಪಾನಿಟ್ಸಿ ಹೇಳಿದ ಬಡ ವಿದ್ಯಾರ್ಥಿಗೆ. ಮಹಾನಗರದ ಮೌನ ತಾನಾಗಿ ಉಳಿಯುವಂಥದ್ದಲ್ಲ. ಅದು ಶಾಸನದಿಂದ, ಕರದಿಂದ, ಜನರ ಒತ್ತಾಯದಿಂದ ಕಟ್ಟಿದ್ದು. ಬಳಸದೆ ಬಿಟ್ಟರೆ ಕಳೆದುಹೋಗುವಂಥದ್ದು. ಆದುದರಿಂದ ನಮ್ಮ ಸಂಘದ ಪ್ರತಿಯೊಂದು ಕುಟುಂಬವೂ ತನ್ನ ಬಡಾವಣೆಯ ಗ್ರಂಥಾಲಯದ ಸದಸ್ಯತ್ವ ಪಡೆಯಲಿ. ವಾರಕ್ಕೊಮ್ಮೆಯಾದರೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ. ವೇಳೆಯನ್ನು ಕಡಿತಗೊಳಿಸುವ ಪ್ರಸ್ತಾವ ಬಂದಾಗ ಕೌನ್ಸಿಲ್ಲಿಗೆ ನಾಲ್ಕು ಸಾಲಿನ ಪತ್ರ ಬರೆಯಲಿ. ಎಂದೋ ಯಾರೋ ತೆತ್ತ ಒಂದು ಪೆನ್ನಿಯ ಫಲವನ್ನು ಇಂದು ನಾವು ಉಣ್ಣುತ್ತಿದ್ದೇವೆ. ನಾಳೆ ಬರುವವರಿಗೂ ಅದು ಉಳಿಯಲಿ.