ಹವಾಮಾನ ವಿಕೋಪಗಳ ಕಾರಣಶೋಧ

ನಿರ್ದಿಷ್ಟವಾದ ಒಂದು ಬಿಸಿಗಾಳಿ, ಮಹಾಮಳೆ ಅಥವಾ ಬರದಲ್ಲಿ ಹವಾಮಾನ ಬದಲಾವಣೆಯ ಪಾಲೆಷ್ಟೆಂದು ಅಳೆಯುವ ವಿಜ್ಞಾನ ಶಾಖೆ. 2003ರ ಯುರೋಪಿನ ಬಿಸಿಗಾಳಿಯನ್ನು ಕುರಿತು ಪೀಟರ್ ಸ್ಟಾಟ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಬುನಾದಿ ಹಾಕಿತು. ಇಂದಿನ ವಾತಾವರಣವನ್ನೂ ಹಸಿರುಮನೆ ಅನಿಲಗಳು ಹೆಚ್ಚದಿದ್ದ ಕಾಲದ ವಾತಾವರಣವನ್ನೂ ಕಂಪ್ಯೂಟರ್ ಮಾದರಿಗಳಲ್ಲಿ ಮರುಸೃಷ್ಟಿಸಿ, ಅಂಥ ಘಟನೆ ಎರಡರಲ್ಲೂ ಎಷ್ಟು ಸಲ, ಎಷ್ಟು ತೀವ್ರವಾಗಿ ಸಂಭವಿಸುತ್ತದೆಂದು ಹೋಲಿಸುವುದೇ ವಿಧಾನ. ದೀರ್ಘಕಾಲದ ಮಳೆ, ತಾಪಮಾನದ ದಾಖಲೆಗಳಿಲ್ಲದ ಬಡ ದೇಶಗಳಲ್ಲಿ ಇದು ಕಷ್ಟ; ಹಾನಿ ಹೆಚ್ಚುವುದೂ ಅಲ್ಲಿಯೇ ಎಂಬುದು ದೊಡ್ಡ ಅನ್ಯಾಯ.

ನಮಗೆ ಹತ್ತಿರದ ಉದಾಹರಣೆ ಕೊಡಗಿನ ನೆರೆಯ ವಯನಾಡು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿಯಿತು. ವಾರಗಟ್ಟಲೆ ಮಳೆಯಲ್ಲಿ ನೆನೆದಿದ್ದ ಮಣ್ಣಿನ ಮೇಲೆ ಒಂದೇ ದಿನ 140 ಮಿ.ಮೀ.ಗೂ ಹೆಚ್ಚು ಸುರಿದಿತ್ತು. ‘ವರ್ಲ್ಡ್ ವೆದರ್ ಆಟ್ರಿಬ್ಯೂಷನ್’ ತಂಡದ ಅಂದಾಜಿನಂತೆ, ಹವಾಮಾನ ಬದಲಾವಣೆಯಿಂದ ಆ ಮಳೆಯ ಬಿರುಸು ಸುಮಾರು 10% ಹೆಚ್ಚಿತ್ತು. ಬಿಸಿಯಾದ ಗಾಳಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 7% ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಸತ್ತವರಲ್ಲಿ ಚಹಾ ತೋಟದ ಲೈನ್‌ಮನೆಗಳ ಕಾರ್ಮಿಕರೂ ಇದ್ದರು. ಮಳೆಯ ಲೆಕ್ಕದ ಜೊತೆಗೆ, ಇಳಿಜಾರಿನಲ್ಲಿ ಯಾರು ಏಕೆ ವಾಸಿಸುತ್ತಾರೆಂಬುದನ್ನೂ ಸಂಶೋಧನೆ ಕೇಳಲೇಬೇಕು.

ಎಲ್ಲ ವಿಕೋಪಕ್ಕೂ ಉತ್ತರ ಒಂದೇ ಅಲ್ಲ. ಮಡಗಾಸ್ಕರ್‌ನ ದಕ್ಷಿಣ ಭಾಗದಲ್ಲಿ 2021ರಲ್ಲಿ ತಲೆದೋರಿದ ಹಸಿವಿಗೆ ಬಡತನ, ಮಳೆಯಾಶ್ರಿತ ಬೇಸಾಯ ಮುಖ್ಯ ಕಾರಣಗಳೆಂದೂ ಹವಾಮಾನ ಬದಲಾವಣೆಯ ಪಾತ್ರ ಅಲ್ಪವೆಂದೂ ಇದೇ ತಂಡ ಹೇಳಿತು.